ಬಲಗಡಿ ಕೊಳವಿ ಓದವ್ರು ಬೇಕಾಗ್ಯಾರ

ನೀರಿನ ಒತ್ತಡ ಅಳತಿ ಮಾಡೋ ನೌಕರ್ಯಾಗ ನಗೂವಂಥಾದ್ದು ಏನಿರ್ತದ ಅಂತ ಮಂದಿ ನನ್ನ ಕೇಳ್ತಾರ. ಸೇರೂಮುಂದ ನಾನೂ ಹಂಗ ತಿಳಕೊಂಡಿದ್ದೆ. ಆದ್ರ ಗಾಜಿನ ಕೊಳವಿ ಬಗಲಾಗ ಇಟಗೊಂಡು ಊರೂರು ತಿರಗವನ ಮುಂದ ದಿನಾ ಒಂದಿಲ್ಲೊಂದು ಆಗೇ ಆಗ್ತದ. ಬ್ಯಾಡಪ್ಪಾ ಅಂದ್ರೂ ಬಿಡೂದಿಲ್ಲ.

ಎಪ್ಪತ್ತರ ದಶಕ ಅರ್ಧ ಆದ ಮ್ಯಾಲಿನ ಮಾತು. ರಾಯಚೂರಾಗ ನೀರು ಸರಬರಾಜಿನ ಒಂದು ಸಣ್ಣ ಕಚೇರಿ. ರಾಯಚೂರು, ಮಾನ್ವಿ, ದೇವದುರ್ಗ, ಈ ಮೂರೂ ಕಡಿ ನಳದಾಗ ನೀರು ಎಷ್ಟು ಜೋರಿಲೆ ಬರ್ತದ ಅಂತ ನೋಡಿ ಬರಕೊಂಡು ಬರೋದು ನನ್ನ ಕೆಲಸ. ನನ್ನ ಹತ್ಯಾರ ಮ್ಯಾನೋಮೀಟರ್. ಹೆಸರು ದೊಡ್ಡದು, ವಸ್ತು ಸಣ್ಣದು. ಒಂದು ಕಟಗಿ ಹಲಗಿ, ಅದರ ಮ್ಯಾಲ ಗಾಜಿನ ಕೊಳವಿ. ಎಡಗಡಿಯಿಂದ ಇಳಿದು, ಕೆಳಗ ಬಾಗಿ, ಬಲಗಡಿ ಮತ್ತ ಮ್ಯಾಲ ಏರಿದ್ದು. ಒಳಗ ಪಾದರಸ, ನಮ್ಮ ಕಡಿ ಪಾರಾ ಅಂತೀವಿ. ಎಡಗಡಿ ಬಾಯಿಗಿ ರಬ್ಬರ್ ಪೈಪ್ ಹಚ್ಚಿ ನಳಕ್ಕ ಜೋಡಿಸಬೇಕು. ಬಲಗಡಿ ಬಾಯಿ ಗಾಳಿಗಿ ಖುಲ್ಲಾ. ನಳ ತಿರುವಿದ್ರ ನೀರು ಎಡಗಡಿ ಪಾರಾನ ಕೆಳಗ ದಬ್ಬತದ, ಬಲಗಡಿ ಪಾರಾ ಅಷ್ಟೇ ಮ್ಯಾಲ ಏರ್ತದ. ಎರಡೂ ಕೊಳವಿ ಬಾಜೂಕ ಸೊನ್ನಿಯಿಂದ ನೂರರ ತನಕ ಗೆರಿ ಇರ್ತಾವ. ನೀರು ಇಲ್ಲದಾಗ ಎರಡೂ ಐವತ್ತರ ಮ್ಯಾಲ ಸುಮ್ನ ಕುಂತಿರ್ತಾವ.

ನೀರಿನ ಜೋರು ಗಳಿಗ್ಗೊಮ್ಮೆ ಬದಲಾಗ್ತದಲ್ಲ, ಅದಕ್ಕ ಕಚೇರಿ ಒಂದು ನಿಯಮ ಮಾಡಿತ್ತು. ಎಡಗಡಿ ಒಬ್ಬ, ಬಲಗಡಿ ಇನ್ನೊಬ್ಬ ಕುಂತು, ಒಂದ ಗಳಿಗ್ಯಾಗ ಓದಬೇಕು. ರಿಜಿಸ್ಟರಿನ್ಯಾಗ ಇಬ್ಬರೂ ದಸ್ಕತ್ತು ಹಾಕಬೇಕು. ಎಡಗಡಿಯವ ನಾನು. ಬಲಗಡಿ ಸಹಾಯಕನ ಹುದ್ದಿ ಖಾಲಿ. ನಾ ಸೇರಿದಾಗ ಖಾಲಿ, ನಾ ರಿಟೈರ್ ಆದಾಗೂ ಖಾಲಿ. ಕೇಳಿದ್ರ ಸಾಹೇಬ್ರು, "ಯಾರನ್ನಾದ್ರೂ ಓದಾಕ ಬರವ್ರನ್ನ ಕೂಡಿಸಿಕೋರಿ" ಅಂದುಬಿಟ್ರು. ಹಿಂಗಾಗಿ ಊರೂರಾಗ ಬಲಗಡಿಗಿ ಮನುಷ್ಯಾನ್ನ ಹುಡಕೋದು ನನ್ನ ಪಾಲಿಗಿ ಬಂತು.

ಒಂದು ಮಾತು ಈಗ ಹೇಳಿಬಿಡ್ತೀನಿ, ಆಮ್ಯಾಲ ನಾಚಿಕಿ ಬರ್ತದ. ನಾ ಒಬ್ಬನೇ ಇದ್ದೆ. ನಮ್ಮವ್ವ ಹತ್ತಿ ಮಿಲ್ಲಿನ್ಯಾಗ ಕೂಲಿ ಮಾಡಿ ನನ್ನ ಓದಿಸಿದಾಕಿ, ನೌಕರಿ ಆರ್ಡರ್ ಬಂದ ವರ್ಷನ ತೀರಿಕೊಂಡ್ಲು. ಮಿಲ್ಲಿನ ಹಿಂದ ಒಂದು ಖೋಲಿ, ಖಾನಾವಳಿ ಊಟ. ಖೋಲಿ ಬಾಗಲಾ ತಗದ್ರ "ಬಂದೇನೋ?" ಅನ್ನವ್ರಿಲ್ಲ, ಹಾಕಿದ್ರ "ಎಲ್ಲಿಗಿ ಹೊಂಟಿ?" ಅನ್ನವ್ರಿಲ್ಲ. ಆ ಬಲಗಡಿ ಕುಂತವ್ರು "ಅರವತ್ತೆರಡು ಅದ ನೋಡ್ರಿ" ಅಂತಿದ್ರಲ್ಲ, ಕೆಲವು ದಿನ ನನ್ನ ಜೋಡಿ ಯಾರಾದ್ರೂ ಆಡಿದ ಮಾತು ಅದೊಂದ ಆಗಿರ್ತಿತ್ತು.

ಎರಡನೇ ತಿಂಗಳಾಗ ನನಗ ಒಂದು ಗುಟ್ಟು ಗೊತ್ತಾತು. ಎಡಗಡಿ ಪಾರಾ ಎಷ್ಟು ಇಳೀತದೋ ಬಲಗಡಿ ಅಷ್ಟೇ ಏರ್ತದ. ಎಡ ನಲವತ್ತಾದ್ರ ಬಲ ಅರವತ್ತು. ಎಡ ಮೂವತ್ತೆಂಟಾದ್ರ ಬಲ ಅರವತ್ತೆರಡು. ಯಾವಾಗ ಕೂಡಿಸಿದ್ರೂ ನೂರು. ಅಂದ್ರ ಎಡಗಡಿ ಓದಿದವಗ ಬಲಗಡಿ ನೋಡೂ ಜರೂರ ಇಲ್ಲ. ಎರಡನೇ ಮನುಷ್ಯಾನೂ ಬ್ಯಾಡ, ಎರಡನೇ ದಸ್ಕತ್ತೂ ಬ್ಯಾಡ. ಒಂದು ಕಾಗದ ಬರದು ಸಾಹೇಬ್ರಿಗಿ ತಿಳಿಸಿದ್ರ ನಿಯಮ ಅವತ್ತ ರದ್ದಾಗ್ತಿತ್ತು. ನಾ ಬರೀಲಿಲ್ಲ. ಬರದ್ರ ನಾಳಿಂದ ಬಲಗಡಿ ಯಾರೂ ಕೂಡಂಗಿಲ್ಲ ಅಂತ ಹೆದರಿಕಿ. ಮುಂದ ಹೇಳೂವೆಲ್ಲಾ ಆ ಹೆದರಿಕಿಯಿಂದ ಆದವ.

ನೊರಿ ಹಿಡಿದೋ, ನೊರಿ ಬಿಟ್ಟೋ

ರಾಯಚೂರಾಗ ಸ್ಟೇಷನ್ ರಸ್ತಾದ ನಳದ ಬಾಜೂಕ ಒಂದು ಚಹಾದಂಗಡಿ. ಮೊದಲನೇ ದಿನ ಆ ಅಂಗಡಿಯವನ್ನ ಬಲಗಡಿ ಕೂಡಿಸಿದೆ. ಅವಗ ಹೇಳಿದೆ, "ಕಣ್ಣು ಪಾರಾದ ಸರಿಸಮ ಇರ್ಬೇಕ್ರೀ. ಮ್ಯಾಲಿಂದ ನೋಡಿದ್ರೂ ತಪ್ಪು, ಕೆಳಗಿಂದ ನೋಡಿದ್ರೂ ತಪ್ಪು."

ಅಂವ ಮೊಣಕಾಲೂರಿ ಕುಂತು ಭಾಳ ಹೊತ್ತು ನೋಡಿದ. ಒಳಗ ಹಾಲು ಉಕ್ಕಾಕತ್ತಿತ್ತು, ಅದರ ಕಡಿ ಲಕ್ಷ್ಯ ಇಲ್ಲ.

"ಹೇಳ್ರಿ, ಎಷ್ಟದ?" ಅಂದೆ.

"ನೊರಿ ಹಿಡಿದು ಹೇಳ್ಲ್ಯೋ, ನೊರಿ ಬಿಟ್ಟು ಹೇಳ್ಲ್ಯೋ?"

"ಪಾರಾಕ್ಕ ನೊರಿ ಎಲ್ಲಿಂದ ಬರಬೇಕೋ ಮಾರಾಯಾ?"

"ಇದು ನೋಡ್ರಿ, ನಡಕ ಗುಬ್ಬಿ ಹೊಟ್ಟಿಯಂಗ ಉಬ್ಯದಲ್ಲ."

ಅಂವ ಹೇಳಿದ್ದು ಖರೇನ. ನೀರು ಗಾಜಿನ್ಯಾಗ ನಡಕ ತಗ್ಗಾಗ್ತದ, ಪಾರಾ ನಡಕ ಉಬ್ತದ. ಆ ಉಬ್ಬಿನ ನೆತ್ತಿನ ಓದಬೇಕು. ಕಾಲೇಜ್ ಓದಿದವ್ರೂ ಇದನ್ನ ಮರೀತಾರ. ಅವನ ಕಣ್ಣಿಗಿ ಅದು ಒಂದ ಏಟಿಗಿ ಬಿದ್ದಿತ್ತು.

"ನೊರಿ ಹಿಡಿದೇ ಹೇಳ್ರಿ" ಅಂದೆ.

ಅಂವ ಎದ್ದು ನಿಂತು ಅಂಗಡ್ಯಾಗಿನ ಗಿರಾಕಿಗಳ ಕಡಿ ತಿರುಗಿ ಒದರಿದ, "ಕೇಳಿದ್ರೇನ್ರಲೇ? ದಿನಾ ಕಪ್ಪು ತುಂಬಿಲ್ಲ ಅಂತ ನನ್ನ ಜೋಡಿ ಜಗಳಾಡ್ತೀರಿ. ಸರಕಾರನ ನೊರಿ ಹಿಡಿದು ಲೆಕ್ಕಾ ಹಾಕ್ತದ!"

ನನ್ನ ಸಮಕ್ಷಮ

ದೇವದುರ್ಗದ ತಹಸೀಲ್ದಾರ್ ಕಚೇರಿ ಮುಂದ ಬೇವಿನ ಗಿಡದ ಕೆಳಗ ಒಬ್ಬ ಬಾಂಡ್ ಬರಿಯೋ ಮುದುಕರು ಕೂಡ್ತಿದ್ರು. ಹೊಲ ಮಾರೂ ಕಾಗದ, ಮನಿ ಪಾಲಿನ ಕಾಗದ, ಎಲ್ಲಾ ಅವರ ಕೈಲೇ ಆಗಬೇಕು. ನಳ ಅವರ ಪೆಟಗಿಯಿಂದ ಹತ್ತು ಹೆಜ್ಜಿ. ಕರದೆ, ಬಂದ್ರು. ಬಲಗಡಿ ಚೊಲೋ ಓದಿದ್ರು. ಅರವತ್ತೆರಡು ಅಂದ್ರು, ಕೂಡಿಸಿದ್ರ ನೂರಾತು, ನಾ ಖುಷಿ ಆದೆ. ದಸ್ಕತ್ತು ಹಾಕ್ರಿ ಅಂತ ರಿಜಿಸ್ಟರ್ ಕೊಟ್ಟೆ.

ಅವರು ಚಶ್ಮಾ ಒರಸಿಕೊಂಡು, ಟಾಕು ಮಸಿಯಾಗ ಅದ್ದಿ, ಬರಿಯಾಕ ಸುರು ಮಾಡಿದ್ರು. ಹತ್ತು ಮಿನಿಟಾತು, ಕಾಲು ತಾಸಾತು. ನಾ ಇಣಕಿ ನೋಡಿದೆ.

"ಈ ದಿವಸ ಮುಂಜಾನೆ ಎಂಟು ಘಂಟೆಗೆ ಸದರಿ ಪಾದರಸವು ಬಲಭಾಗದ ಕೊಳವೆಯಲ್ಲಿ ಅರವತ್ತೆರಡರ ತನಕ ಏರಿದ್ದನ್ನು ನಾನು ಖುದ್ದಾಗಿ ನೋಡಿರುತ್ತೇನೆ. ಸದರಿ ಪಾದರಸವು ಯಾರ ಬಲವಂತಕ್ಕೂ ಒಳಗಾಗದೆ, ಸ್ವಸ್ಥಚಿತ್ತದಿಂದ, ಸ್ವಖುಷಿಯಿಂದ ಏರಿರುತ್ತದೆ. ಇದಕ್ಕೆ ಅದರ ವಾರಸುದಾರರ ಯಾವ ತಕರಾರೂ ಇರುವುದಿಲ್ಲ. ಸದರಿ ನಳದ ಚೆಕ್ಕುಬಂದಿ: ಪೂರ್ವಕ್ಕೆ ಬೇವಿನ ಗಿಡ, ಪಶ್ಚಿಮಕ್ಕೆ ಸರಕಾರಿ ಗೋಡೆ, ಉತ್ತರಕ್ಕೆ ರಸ್ತೆ, ದಕ್ಷಿಣಕ್ಕೆ ಎಮ್ಮೆ ಕಟ್ಟುವ ಗೂಟ."

"ಯಪ್ಪಾ, ಬರೇ ದಸ್ಕತ್ತು ಸಾಕಿತ್ತಲ್ರೀ" ಅಂದೆ.

"ಬರೇ ದಸ್ಕತ್ತಾ? ನಾಳೆ ಪಾರಾ ತಿರುಗಿ ಬಿದ್ರ ಕೋರ್ಟಿನ್ಯಾಗ ಯಾರು ನಿಂದರಬೇಕು?" ಅಂತ ನನ್ನ ಬೈದ್ರು.

ಮುಂದಿನ ತಿಂಗಳು ಹೋದೆ. ಎಡಗಡಿ ಹಿಂದಿನಷ್ಟ ಇತ್ತು. ಅವರು ರಿಜಿಸ್ಟರ್ ತಗೊಂಡು ಸುತ್ತಮುತ್ತ ನೋಡಿ, ತಲಿ ಕೊಡವಿ, ಹೊಸಾ ಹಾಳಿ ತಿರುವಿದ್ರು. "ಪಾರಾ ಅಲ್ಲೇ ಅದ ಖರೆ. ಆದ್ರ ಎಮ್ಮಿ ಮಾರ್ಯಾರ, ಗೂಟ ಕಿತ್ತಾರ. ಎಲ್ಲಾ ಮೊದಲಿಂದ ಬರೀಬೇಕು" ಅಂದ್ರು.

ಹತ್ತು ಬೆರಳಿನ ಆಶೀರ್ವಾದ

ಮಾನ್ವ್ಯಾಗ ಗುಡಿ ಓಣಿಯ ನಳ. ಅಲ್ಲಿ ಒಬ್ಬ ಆಚಾರ್ರು ಭಾಳ ಪಾಪದವ್ರು. "ಜ್ಞಾನದ ಕೆಲಸ, ಯಾಕ ಮಾಡಬಾರ್ದು?" ಅಂತ ಹಿಂದಿನ ದಿನ ತಾವ ಮುಂದ ಬಂದಿದ್ರು. ಆದ್ರ ಮುಂಜಾನಿ ಅವರು ಮಡಿಯಾಗಿದ್ರು, ಯಾರನ್ನೂ ಮುಟ್ಟಂಗಿಲ್ಲ. ನಾನೂ ಸರದು ನಿಂತೆ. ಅವರು ಮಡಿಯಿಂದ ದೂರ, ನಾನು ರೂಢಿಯಿಂದ ದೂರ. ನಡುವ ಮ್ಯಾನೋಮೀಟರ್ ಒಂದ.

ಇನ್ನೊಂದು ತೊಡಕು ನನಗ ಗೊತ್ತಿರ್ಲಿಲ್ಲ. ಪೂಜಿ ಮುಗಿಯೋ ತನಕ ಅವರಿಗಿ ಮೌನ. ಮಾತಾಡಂಗಿಲ್ಲ. "ಬಲ ಎಷ್ಟು?" ಅಂತ ನಾ ಕೇಳಿದ್ರ ಅವರು ಎರಡೂ ಕೈಯ ಹತ್ತೂ ಬೆರಳು ತಗದು ತೋರಿಸಿದ್ರು. ಹತ್ತು. ಮುಚ್ಚಿ ಮತ್ತ ತಗದ್ರು. ಇಪ್ಪತ್ತು. ಮತ್ತ. ಮೂವತ್ತು. ಅರವತ್ತಕ್ಕ ಬರೂದ್ರಾಗ ಪಾರಾ ಜರಗಿತ್ತು. ಅವರು ಖರೇ ಮನುಷ್ಯಾ, ಸುಳ್ಳು ಅಂಕಿ ತೋರಸವ್ರಲ್ಲ. ತಲಿ ಅಲ್ಲಾಡಿಸಿ ಮೊದಲಿಂದ ಸುರು ಮಾಡಿದ್ರು. ಹತ್ತು, ಇಪ್ಪತ್ತು, ಮೂವತ್ತು.

ಅಷ್ಟರಾಗ ಕೊಡ ಹಿಡಕೊಂಡು ಬಂದ ಒಬ್ಬಾಕಿ ಮುದುಕಿ ನೋಡಿದ್ಲು. ಆಚಾರ್ರು ಎರಡೂ ಅಂಗೈ ತಗದು ನಿಂತಾರ. ಆಕಿ ಕೊಡ ಇಳಿಸಿ ಬಗ್ಗಿ ನಮಸ್ಕಾರ ಮಾಡಿದ್ಲು. ಆಕಿ ಹಿಂದ ಬಂದಾಕಿನೂ ಮಾಡಿದ್ಲು. ಅವರ ಹಿಂದ ಸೈಕಲ್ ಮ್ಯಾಲ ಹೊಂಟವ ಇಳಿದು ಮಾಡಿದ. ಆಚಾರ್ರು ನಿಲ್ಲಿಸಂಗಿಲ್ಲ, ಎಣಿಕಿ ತಪ್ತದ. ಮಾತಾಡಂಗಿಲ್ಲ, ಮೌನ ಕೆಡ್ತದ. ಅರ್ಧ ತಾಸಿನ್ಯಾಗ ಓಣಿ ತುಂಬ ಮಂದಿ ಸಾಲು ಹಚ್ಚಿ ನಿಂತ್ರು.

ಕಡೀಕ ಗುಡಿಗಿ ಹೋಗಿ ಪೂಜಿ ಮುಗಿಸಿ ಬಂದು ಬಾಯಿ ಬಿಟ್ಟು ಅವರು ಅಂದ ಮೊದಲನೇ ಮಾತು, "ಅರವತ್ತೊಂದು." ಅಷ್ಟರಾಗ ಎಲ್ಲಾರೂ ಪಾದಕ್ಕ ಬಿದ್ದು ಕೊಡ ತುಂಬಿಕೊಂಡು ಹೋಗಿದ್ರು, ಟಾಕಿ ಖಾಲಿ ಆಗಿ ನೀರ ನಿಂತಿತ್ತು.

ಒಬ್ಬನೇ ಓದಿದ ದಿನ

ಇದು ಸಣ್ಣದು. ಮಸರಕಲ್ದಾಗ ಒಂದಿನ ಬಲಗಡಿಗಿ ಯಾರೂ ಸಿಗಲಿಲ್ಲ. ಎಲ್ಲಾರೂ ಹೊಲಕ್ಕ ಹೋಗಿದ್ರು. ಊರು ಬಣಬಣ. ಗುಟ್ಟು ಗೊತ್ತಿತ್ತು, ಎಡ ಓದಿ ನೂರಾಗ ಕಳದು ಬರಕೊಂಡು ಬಸ್ ಹಿಡೀಬಹುದಿತ್ತು. ಆದ್ರ ಹಂಗ ಮಾಡಿದ್ರ ರೂಢಿ ಬೀಳ್ತದ ಅಂತ ಅನ್ನಿಸ್ತು. ಅದಕ್ಕ ನಾನ ಎಡಕ್ಕ ತಲಿ ಒಯ್ದು ಓದೋದು, ಲಗೂನ ಬಲಕ್ಕ ತಲಿ ತಂದು ಓದೋದು, ಮತ್ತ ಎಡಕ್ಕ, ಮತ್ತ ಬಲಕ್ಕ. ಹಿಂಗ ಸುಮಾರು ಹೊತ್ತು ಮಾಡಿದೆ.

ಹಿಂದ ಕಟ್ಟಿ ಮ್ಯಾಲ ಒಬ್ಬಾಕಿ ಮುದುಕಿ ಕುಂತಿದ್ದು ನನಗ ಕಂಡಿರ್ಲಿಲ್ಲ. ಆಕಿ ಬಗಲಿಗಿ ಬಂದು ಬೆನ್ನ ಮ್ಯಾಲ ಕೈಯಿಟ್ಟು ಅಂದ್ಲು, "ನೀರು ಬ್ಯಾಡಾದ್ರ ಬ್ಯಾಡ ಅಂದು ಹೋಗಲ್ಲಪ್ಪಾ. ನಳದ ಮುಂದ ಅಷ್ಟ್ಯಾಕ ತಲಿ ಅಲ್ಲಾಡಸ್ತಿ? ಅದೇನು ಬಲವಂತ ಮಾಡೂದಿಲ್ಲ."

ನಿಯಮ ಹದಿನಾಲ್ಕು

ದೇವದುರ್ಗದಾಗ ದವಾಖಾನಿ ಅಂಗಳದ ನಳ. ಅಲ್ಲಿ ಒಬ್ಬಾಕಿ ಸಿಸ್ಟರ್ ಇದ್ಲು. ರಕ್ತದ ಒತ್ತಡ ನೋಡೋ ಪಾರಾದ ಪೆಟಗಿ ಆಕಿ ದಿನಾ ಹಿಡಿಯಾಕಿ. ಬಲಗಡಿ ಬಂದು ಕುಂತ್ರ ಕಣ್ಣು ತಾನ ಪಾರಾದ ಸರಿಸಮ ಬಂದು ನಿಂದರ್ತಿತ್ತು. ನಾ "ಹೂಂ" ಅಂದ ಗಳಿಗ್ಯಾಗ "ಅರವತ್ಮೂರು" ಅಂತಿದ್ಲು, ಒಂದು ಗೆರಿ ಹೆಚ್ಚಿಲ್ಲ ಕಮ್ಮಿಲ್ಲ. ಆ ನಳ ತಿಂಗಳಿಗೊಮ್ಮೆ ನೋಡಿದ್ರ ಸಾಕಿತ್ತು. ನಾ ಪ್ರತಿ ಗುರುವಾರ ಹೋಗಾಕ ಹತ್ತಿದೆ. ಇಸ್ತ್ರಿ ಅಂಗಿ ಹಾಕ್ಕೊಂಡು.

ಒಂದ್ಸರ್ತಿ ಆಕಿ, "ಏನು ತಿಂದು ಬಂದೀರಿ?" ಅಂತ ಕೇಳಿದ್ಲು. ನಮ್ಮವ್ವ ಹೋದ ಮ್ಯಾಲ ಯಾರೂ ಆ ಮಾತು ಕೇಳಿರ್ಲಿಲ್ಲ. "ಎಡ ಮೂವತ್ತೇಳು" ಅಂದೆ.

ಆರು ತಿಂಗಳು ಹಿಂಗ ಹೋತು. ಒಂದು ಗುರುವಾರ ಆಕಿ ರಿಜಿಸ್ಟರಿನ ಹಾಳಿ ತಿರುವಿ ತಿರುವಿ ನೋಡಿ ಅಂದ್ಲು, "ಎಡ, ಬಲ ಕೂಡಿಸಿದ್ರ ಪ್ರತಿ ಸರ್ತಿ ನೂರ ಆಗ್ತದಲ್ರೀ?"

"ಹೌದ್ರಿ" ಅಂದೆ.

"ಅಂದ್ರ ನೀವು ಒಬ್ರ ಓದಿದ್ರೂ ನಡೀತದ. ಮತ್ತ ಇಷ್ಟು ದಿನ ನನ್ನನ್ನ ಯಾಕ ಕರದ್ರಿ?"

ಆಕಿ ಸಿಟ್ಟಿನಿಂದ ಕೇಳಲಿಲ್ಲ. ನಗಾಕತ್ತಿದ್ಲು. ತಿಳೀತೇನ್ರಿ? ನಗಾಕತ್ತಿದ್ಲು. ಯಾವ ಗಂಡಸಿಗಾದ್ರೂ ಜನ್ಮದಾಗ ಒಮ್ಮೆ ಸಿಗೂವಂಥಾ ಪ್ರಶ್ನಿ ಅದು. ನೀವು ಬೇಕಾಗಿದ್ರಿ ಅಂತ ಒಂದು ಮಾತು ಅಂದಿದ್ರ ಸಾಕಿತ್ತು. ನಾ ಎದ್ದು ನಿಂತು, ಅಂಗಿ ಗುಂಡಿ ಹಾಕ್ಕೊಂಡು, ಏನಂದೆ ಗೊತ್ತೇನು?

"ನಿಯಮದಾಗ ಹಂಗ ಅದ ರೀ."

"ನಿಯಮಾನಾ?"

"ಹೌದ್ರಿ. ನಿಯಮ ಹದಿನಾಲ್ಕು, ಉಪನಿಯಮ ಎರಡು."

ಆ ದಿನ ಬಸ್ಸಿನ್ಯಾಗ ದೇವದುರ್ಗದಿಂದ ರಾಯಚೂರ ತನಕ ನನ್ನ ನಾನ ಬೈಕೊಂಡೆ. ಬಾಜೂಕ ಕುಂತವ ಹೆದರಿ ಎದ್ದು ಹಿಂದಿನ ಸೀಟಿಗಿ ಹೋದ. ಮುಂದಿನ ಗುರುವಾರ ಹೇಳೇ ಬಿಡ್ತೀನಿ ಅಂತ ಗಟ್ಟಿ ಮಾಡಿಕೊಂಡು, ಏಳು ದಿನ ಖೋಲಿ ಗ್ವಾಡಿ ಮುಂದ ಆ ಮಾತು ಆಡಿ ಆಡಿ ರೂಢಿ ಮಾಡಿಕೊಂಡು ಹೋದೆ. ಬಲಗಡಿ ಕಸ ಹೊಡಿಯೋ ಆಯಮ್ಮ ಬಂದು ಕುಂತಿದ್ಲು.

"ಸಿಸ್ಟರ್ ಎಲ್ರೀ?" ಅಂದೆ.

"ಒಳಗ ಅದಾರ. ನನ್ನ ಕಳಿಸ್ಯಾರ. ನಿಯಮಕ್ಕ ಯಾರು ಕುಂತ್ರೂ ನಡೀತದಂತಲ್ಲ?"

ಎರಡು ಕೊಸರು

ಸಿಸ್ಟರ್ ಆ ವರ್ಷನ ಬದಲಿ ಆಗಿ ಹೋದ್ಲು. ಮುಂದ ಐದಾರು ವರ್ಷ ಹಂಗ ಕಳದ್ವು, ಹೇಳೂವಂಥಾದ್ದೇನಿಲ್ಲ. ಪಾರಾ ಏರ್ತಿತ್ತು, ಇಳೀತಿತ್ತು, ಕೂಡಿಸಿದ್ರ ನೂರು. ಕವಿತಾಳದಾಗ ಆದದ್ದು ಎಂಬತ್ತರ ಈಚಿಗಿ.

ಅವತ್ತು ಸಂತಿ. ನಳದ ಬಾಜೂಕ ಒಬ್ಬಾಕಿ ಬದನಿಕಾಯಿ ಹಚ್ಚಿಕೊಂಡು ಕುಂತಿದ್ಲು. ಯಾಪಾರ ಆಗಿರ್ಲಿಲ್ಲ, ಮಾತಿಗಿ ಮನುಷ್ಯಾ ಬೇಕಾಗಿತ್ತು. ಸಾಲಿಗಿ ನಾಕನೇತ್ತೆ ತನಕ ಹೋದಾಕಿ, ಅಂಕಿ ಚೊಲೋ ಬರ್ತಿದ್ವು. ನಾ ಕರೆಯೋದ್ರಾಗ ಸೆರಗು ಸಿಗಿಸಿಕೊಂಡು ಬಲಗಡಿ ಬಂದು ಕುಂತ್ಲು.

"ಎಷ್ಟದ ಯವ್ವಾ?"

"ಅರವತ್ತೆರಡು."

ನನ್ನ ಕಡಿ ಮೂವತ್ತೆಂಟು. ಬರಾಬರ್ ನೂರು. ಬರಿಯಾಕ ಪೆನ್ನು ತಗದೆ. ಆಕಿ ನನ್ನ ಮುಖ ನೋಡಿದ್ಲು, ಚಪ್ಪಲಿ ನೋಡಿದ್ಲು, ಹಲಗಿ ಹೊತ್ತು ಹೊತ್ತು ಸವದ ಹೆಗಲ ಮ್ಯಾಲಿನ ಅಂಗಿ ನೋಡಿದ್ಲು.

"ಎಲ್ಲಿಂದ ಬಂದಿ?"

"ರಾಯಚೂರಿಂದ."

"ಮನ್ಯಾಗ ಯಾರ್ಯಾರು ಅದೀರಿ?"

"ನಾ ಒಬ್ಬನ."

ಆಕಿ ಲೊಚಗುಟ್ಟಿದ್ಲು. "ಅಷ್ಟು ದೂರದಿಂದ ಒಬ್ಬನ ಬಂದಿ. ಬರೇ ಅರವತ್ತೆರಡು ಒಯ್ದರ ಹೆಂಗ? ಎರಡು ಕೊಸರು ಹಾಕ್ಕೋ. ಅರವತ್ನಾಕು ಬರಿ."

"ಯವ್ವಾ, ಇದಕ್ಕ ಕೊಸರು ಇರೂದಿಲ್ಲ. ಇದು ಸರಕಾರಿ ಲೆಕ್ಕ."

"ಸುಮ್ನ ಬರಿಯೋ. ನಮ್ಮ ಬುಟ್ಟ್ಯಾಗಿಂದ ಯಾರೂ ಕೊಸರಿಲ್ದ ಹೋಗಿಲ್ಲ." ನನ್ನ ಕೈಯಾಗಿನ ಪೆನ್ನು ಕಸಗೊಂಡು ತಾನ ಅರವತ್ನಾಕು ಅಂತ ಬರದು, ಮುಂದ ದಸ್ಕತ್ತು ಹಾಕಿಬಿಟ್ಲು. ಅದರ ಮ್ಯಾಲ ಎರಡು ಬದನಿಕಾಯಿನೂ ಚೀಲಕ್ಕ ಹಾಕಿದ್ಲು.

ಹೊಡದು ತಿದ್ದಬಹುದಿತ್ತು. ಮನಸ್ಸು ಬರ್ಲಿಲ್ಲ. ನನಗ ಹಂಗ ಯಾರೂ ಏನೂ ಹೆಚ್ಚು ಕೊಟ್ಟಿರ್ಲಿಲ್ಲ.

ತಿಂಗಳೊಪ್ಪತ್ತಿನ್ಯಾಗ ಮ್ಯಾಲಿನ ಕಚೇರಿಯಿಂದ ಕಾಗದ ಬಂತು. ಅಲ್ಲಿ ಯಾರೋ ಕೂಡಿಸಿ ನೋಡ್ಯಾರ. "ಎಲ್ಲ ಕಡೆ ಮೊತ್ತ ನೂರು ಇದ್ದು, ಕವಿತಾಳದಲ್ಲಿ ಮಾತ್ರ ನೂರಾ ಎರಡು ಬಂದಿರುವ ಬಗ್ಗೆ ಸಮಜಾಯಿಷಿ ನೀಡತಕ್ಕದ್ದು." ನೂರಾ ಎರಡರ ಫಿಕರ್ ಇರ್ಲಿಲ್ಲ ನನಗ. ಎಲ್ಲಾ ಕಡಿ ನೂರು ಅಂತ ಅವರಿಗಿ ಗೊತ್ತಾತಲ್ಲ, ಅದರ ಫಿಕರ್. ಇನ್ನೊಂದು ಹೆಜ್ಜಿ ವಿಚಾರ ಮಾಡಿದ್ರ ಬಲಗಡಿ ಮನುಷ್ಯಾ ಬ್ಯಾಡ ಅಂತ ತಿಳೀತದ.

ಮೂರು ದಿನ ಕುಂತು ಸಮಜಾಯಿಷಿ ಬರದೆ: "ಹೆಚ್ಚುವರಿ ಎರಡು ಅಂಕಿಗಳನ್ನು ಸಾರ್ವಜನಿಕರು ಪ್ರೀತಿಯಿಂದ ನೀಡಿರುತ್ತಾರೆ." ಓದಿದ ಮ್ಯಾಲಿನ ಕಚೇರಿಯವ್ರು ಕಾಗದದಾಗ ಉತ್ತರ ಬರೀಲಿಲ್ಲ. ತನಿಖಿಗಿ ಒಬ್ಬ ಸಾಹೇಬ್ರನ್ನ ಕಳಿಸಿದ್ರು.

ಮಾನ್ವಿ ಬಂಗಲ್ಯಾಗ

ತನಿಖಿ ಸಾಹೇಬ್ರು ಅಂದ್ರ ಮಾತು ಕಮ್ಮಿ, ಸಿಟ್ಟು ಜಾಸ್ತಿ ಅಂತ ಕಚೇರ್ಯಾಗ ಸುದ್ದಿ. ಐವತ್ತು ದಾಟಿದವ್ರು. ಮಾನ್ವಿ ಸರಕಾರಿ ಬಂಗಲ್ಯಾಗ ಇಳಕೊಂಡಿದ್ರು. ಮುಂಜಾನಿ ಎಂಟಕ್ಕ ನನ್ನ ಹಲಗಿ, ರಿಜಿಸ್ಟರ್ ಸಮೇತ ಬರಾಕ ಹೇಳಿದ್ರು. ಹೋದ್ರ ವರಾಂಡದಾಗ ಹಾಸಗಿ ಸುತ್ತಿದ ಒಂದು ಹೋಲ್ಡಾಲು, ಒಂದು ತಾಟು, ಒಂದು ಲೋಟಾ. ಸಾಹೇಬ್ರು ತಮ್ಮ ಅಂಗಿಗಿ ತಾವ ಗುಂಡಿ ಹಚ್ಚಾಕತ್ತಿದ್ರು. ನನ್ನ ನೋಡಿ ಸೂಜಿ ಕಿಸೇದಾಗ ಇಟಗೊಂಡ್ರು.

ಅಂಗಳದ ನಳಕ್ಕ ಪೈಪ್ ಜೋಡಿಸಿದೆ. ಸಾಹೇಬ್ರು ಕುರ್ಚಿ ಮ್ಯಾಲಿಂದ ಏಳಲಿಲ್ಲ.

"ಎಡ ಎಷ್ಟು?"

"ಮೂವತ್ತೊಂಬತ್ತು, ಸರ್."

"ಬಲ ಅರವತ್ತೊಂದು" ಅಂದ್ರು. ಕುಂತಲ್ಲಿಂದ ಬಲಗಡಿ ಕಾಣಸ್ತಿರ್ಲಿಲ್ಲ ಅವರಿಗಿ. ನೋಡೂ ಗೋಜಿಗೂ ಹೋಗ್ಲಿಲ್ಲ. "ಕೂಡಿಸಿದ್ರ ನೂರು. ಇದು ನಿಮಗ ಯಾವಾಗಿಂದ ಗೊತ್ತದ?"

ಸುಳ್ಳು ಹೇಳಾಕ ಬಾಯಿ ಬರ್ಲಿಲ್ಲ. "ಎರಡನೇ ತಿಂಗಳಿಂದ, ಸರ್."

"ನೌಕರಿಗಿ ಸೇರಿ?"

"ಒಂಬತ್ತು ವರ್ಷ."

"ಒಂಬತ್ತು ವರ್ಷ ಮುಚ್ಚಿಟ್ರಿ. ಯಾಕ?"

"ಹೇಳಿದ್ರ ನಿಯಮ ರದ್ದಾಗ್ತಿತ್ತು ಸರ್. ಬಲಗಡಿ ಯಾರೂ ಕೂಡ್ತಿರ್ಲಿಲ್ಲ. ಆ ಹತ್ತು ಮಿನಿಟ ನನ್ನ ಜೋಡಿ ಮಾತಾಡವ್ರು ಅವರ."

ಸಾಹೇಬ್ರು ರಿಜಿಸ್ಟರ್ ಕೈಗೆ ತಗೊಂಡ್ರು. ಒಂದೊಂದ ಹಾಳಿ ತಿರುವಿದ್ರು. ಚಹಾದಂಗಡಿಯವನ ದಸ್ಕತ್ತು, ಅದರ ಮ್ಯಾಲ ಕಪ್ಪಿನ ಗುಂಡನ್ನ ಕಲೆ. ಬಾಂಡ್ ಮುದುಕರ ಎಮ್ಮಿ ಗೂಟ. ಅಲ್ಲಿಗಿ ಬಂದು ಅವರ ಮೀಸಿ ಕೆಳಗ ಏನೋ ಅಲ್ಲಾಡ್ತು, ಕೆಮ್ಮಿದಂಗ ಮಾಡಿದ್ರು. ಸಿಸ್ಟರಿನ ಗುರುವಾರಗಳ ಸಾಲು ಬಂತು. ಆ ಸಾಲು ನಿಂತಲ್ಲಿ ಬೆರಳು ಇಟ್ಟು ನನ್ನ ಮುಖ ನೋಡಿದ್ರು. ನಾ ನಳ ನೋಡಿದೆ.

"ಊಟ ಎಲ್ಲಿ?" ಅಂದ್ರು.

"ಖಾನಾವಳ್ಯಾಗ ಸರ್."

"ನಾನೂ ಇಪ್ಪತ್ತು ವರ್ಷದಿಂದ ಬಂಗಲಿ ಊಟ" ಅಂದ್ರು. ಆಮ್ಯಾಲ ಎದ್ದು, ಕುರ್ಚಿ ಎಳಕೊಂಡು ಬಂದು, ಬಲಗಡಿ ಹಾಕ್ಕೊಂಡು ಕುಂತ್ರು.

"ಹೂಂ ಅನ್ರಿ. ಓದೋಣ."

ಓದಿದ್ವಿ. ಮೂವತ್ತೊಂಬತ್ತು, ಅರವತ್ತೊಂದು. ನಲವತ್ತೆರಡು, ಐವತ್ತೆಂಟು. ನಡುನಡುವ ಅವರು ಅಷ್ಟಿಷ್ಟು ಮಾತಾಡಿದ್ರು. ಯಾವ ಊರಿನ ಬಂಗಲ್ಯಾಗ ಸಾರು ಚೊಲೋ, ಯಾವ ಊರಾಗ ಹಾಸಗ್ಯಾಗ ತಿಗಣಿ. ಒಂಬತ್ತಕ್ಕ ನೀರು ನಿಂತಿತು. ಪಾರಾ ಎರಡೂ ಕಡಿ ಮೆಲ್ಲಕ ಬಂದು ಐವತ್ತರ ಮ್ಯಾಲ ಕುಂತಿತು. ನಾ ಪೈಪ್ ಬಿಚ್ಚಾಕ ಕೈ ಹಾಕಿದೆ.

"ಇರ್ಲಿ. ಎಡ ಎಷ್ಟು?"

"ಐವತ್ತು ಸರ್."

"ಬಲ ಐವತ್ತು. ಐದು ಮಿನಿಟ ಬಿಟ್ಟು ಮತ್ತ ನೋಡೋಣ."

ಐದು ಮಿನಿಟಕ್ಕ ಮತ್ತ ಐವತ್ತು, ಐವತ್ತು. ಹತ್ತು ಹೊಡೀತು. ಐವತ್ತು, ಐವತ್ತು. ಹನ್ನೆರಡಾತು. ನಾ ಹೂಂ ಅಂತಿದ್ದೆ, ಅವರು ಐವತ್ತು ಅಂತಿದ್ರು. ಬಂಗಲಿ ಅಡಗಿಯವ ಮೂರು ಸರ್ತಿ ಬಾಗಲಿಗಿ ಬಂದು ನೋಡಿ ನೋಡಿ ಹೋದ. ನಾಕನೇ ಸರ್ತಿ ತಡಕೊಳ್ಳಾಕ ಆಗದ ಹತ್ರ ಬಂದು, ನಳದ ಬಾಯಿ ಕೆಳಗ ಕೈಯಿಟ್ಟು ನೋಡಿ ಅಂದ, "ಸಾಹೇಬ್ರ, ನೀರು ಹೋಗಿ ಮೂರು ತಾಸಾತ್ರಿ. ನಾಳೆ ಮುಂಜಾನಿ ತನಕ ಬರಂಗಿಲ್ಲ. ನೀವಿಬ್ರೂ ಏನು ನೋಡಾಕತ್ತೀರಿ?"

"ತನಿಖಿ ನಡದದ. ಇಬ್ಬರಿಗಿ ಅಡಗಿ ಮಾಡು, ಹೋಗು" ಅಂದ್ರು ಸಾಹೇಬ್ರು.

ಊಟಕ್ಕ ಕರದ ಮ್ಯಾಲ ಅವರು ಎದ್ದು ಪೆನ್ನು ತಗದ್ರು. ಕಡೀ ಸಾಲು ಬರಿಯೋದಿತ್ತು. ನಾ ಎಡಗಡಿ ಐವತ್ತು ಬರದು ದಸ್ಕತ್ತು ಹಾಕಿ ರಿಜಿಸ್ಟರ್ ಕೊಟ್ಟೆ. ಸಾಹೇಬ್ರು ಬಲಗಡಿ ಕಲಮಿನ್ಯಾಗ ದುಂಡಗ ಐವತ್ತೆರಡು ಅಂತ ಬರದ್ರು.

ನಾ ಕೊಳವಿ ನೋಡಿದೆ. ಐವತ್ತ ಇತ್ತು. ಸಾಹೇಬ್ರ ಮುಖ ನೋಡಿದೆ. ಅದು ಇದ್ದಂಗ ಇತ್ತು.

"ಸರ್" ಅಂದೆ, "ಕೂಡಿಸಿದ್ರ ನೂರಾ ಎರಡಾಗ್ತದ. ಮ್ಯಾಲಿನ ಕಚೇರಿಯವ್ರು ಸುಮ್ನ ಬಿಡೂದಿಲ್ಲ. ಮತ್ತ ತಕರಾರು ತಗೀತಾರ."

ಸಾಹೇಬ್ರು ದಸ್ಕತ್ತು ಹಾಕಿ, ಮಸಿ ಆರಲಿ ಅಂತ ಊದಿದ್ರು. "ತಗೀಲಿ. ತನಿಖಿಗಿ ಮತ್ತ ನನ್ನನ್ನ ಕಳಸ್ತಾರ."